ನೆಲಮಾಳಿಗೆಯಲ್ಲಿ ನಿಂತುಹೋದ ಕಾರನ್ನು ಎಳೆಸುವ ಮುಂಚೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಂದೆಯ ಆಟೊಮ್ಯಾಟಿಕ್ ಪೆಟ್ರೋಲ್ ಕಾರು ನಾವಿರುವ ವಸತಿ ಸಮುಚ್ಚಯದ ಎರಡನೇ ನೆಲಮಾಳಿಗೆಯಲ್ಲಿ ಹತ್ತು ತಿಂಗಳಿಂದ ನಿಂತಿದೆ. ಅವರಿಗೆ ಹುಷಾರು ತಪ್ಪಿದ ಮೇಲೆ ಯಾರೂ ಅದನ್ನು ಮುಟ್ಟಿಲ್ಲ. ಗಾಡಿಯ ಮೂತಿ ಗೋಡೆಯ ಕಡೆಗಿದೆ, ಎರಡೂ ಪಕ್ಕ ಕಂಬ. ರಿಮೋಟ್ ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ಒಂದು ಟಯರು ಪೂರ್ತಿ ಕೂತಿದೆ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಗಾಡಿ, ಹ್ಯಾಂಡ್‌ಬ್ರೇಕೂ ಸ್ವಿಚ್ಚಿನದೇ. ನೆಲದ ದುರಸ್ತಿ ಇದೆ, ಈ ತಿಂಗಳೊಳಗೆ ಜಾಗ ಖಾಲಿ ಮಾಡಿ ಎಂದು ಸಂಘದವರು ಹೇಳಿದ್ದಾರೆ. ಟೋಯಿಂಗ್‌ನವರೊಬ್ಬರು ಬಂದು ನೋಡಿ, "ಹಿಂದಿನಿಂದ ಹುಕ್ ಹಾಕಿ ಎಳೆದರೆ ಬರುತ್ತೆ, ಹತ್ತು ನಿಮಿಷದ ಕೆಲಸ" ಅಂದರು. ಯಾಕೋ ಧೈರ್ಯ ಸಾಲದೆ ಅವರನ್ನು ವಾಪಸು ಕಳಿಸಿದೆ. ನಾನು ಮಾಡಿದ್ದು ಸರಿಯೇ? ಗಾಡಿಗೆ ಪೆಟ್ಟಾಗದ ಹಾಗೆ ವರ್ಕ್‌ಶಾಪಿಗೆ ಸಾಗಿಸುವುದು ಹೇಗೆ?

ಉತ್ತರ: ನೀವು ಮಾಡಿದ್ದು ಸರಿ. ಆ ಮನುಷ್ಯ ಹೇಳಿದ ಹತ್ತು ನಿಮಿಷದಲ್ಲಿ ಕಾರು ಜಾಗ ಬಿಟ್ಟು ಹೊರಗೆ ಬರುತ್ತಿತ್ತು, ಸುಳ್ಳಲ್ಲ. ಆದರೆ ಗೇರ್‌ಬಾಕ್ಸು, ಬ್ರೇಕು, ಬಂಪರು ಇವುಗಳಲ್ಲಿ ಒಂದಾದರೂ ಹಾಳಾಗಿ ಬರುತ್ತಿತ್ತು.

ನಾನು ಬಹಳ ವರ್ಷಗಳಿಂದ ಕೆಟ್ಟು ನಿಂತ ಗಾಡಿಗಳನ್ನು ಸಾಗಿಸುವ ಕೆಲಸದಲ್ಲಿದ್ದೇನೆ. ಜನ ದಾರಿಯ ಬಗ್ಗೆ ಹೆದರುತ್ತಾರೆ. ಹೆದ್ದಾರಿಯಲ್ಲಿ ಲಾರಿಯಿಂದ ಜಾರಿದರೆ, ಬೆಲ್ಟು ಕಳಚಿದರೆ ಎಂದು ಕೇಳುತ್ತಾರೆ. ನಾನು ಕಂಡ ಹಾನಿಯಲ್ಲಿ ಹೆಚ್ಚಿನದು ಆದದ್ದು ಗಾಡಿ ನಿಂತ ಜಾಗದಿಂದ ಮೊದಲ ಕೆಲವು ಅಡಿ ಸರಿಯುವಾಗ. ಕಾರು ಉರುಳಲು ಸಿದ್ಧವಾಗಿದೆಯೇ ಇಲ್ಲವೇ ಎಂದು ನೋಡದೆ ಎಳೆದಾಗ. ಆದ್ದರಿಂದ ಟೋಯಿಂಗ್ ಗಾಡಿಯನ್ನು ಕರೆಯುವುದು ಎರಡನೇ ಕೆಲಸ. ನಾಲ್ಕು ಚಕ್ರಗಳನ್ನು ಬಿಡಿಸುವುದು ಮೊದಲನೆಯದು.

ನಿಮ್ಮ ಕಾರಿನ ಈಗಿನ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಟೊಮ್ಯಾಟಿಕ್ ಗಾಡಿಯ ಗೇರನ್ನು 'ಪಿ'ಗೆ, ಅಂದರೆ ಪಾರ್ಕ್‌ಗೆ ಹಾಕಿದಾಗ ಗೇರ್‌ಬಾಕ್ಸಿನ ಒಳಗೆ ಒಂದು ಚಿಕ್ಕ ಉಕ್ಕಿನ ಕೊಕ್ಕೆ ಹಲ್ಲಿನ ಚಕ್ರದ ಸಂದಿಯಲ್ಲಿ ಕೂರುತ್ತದೆ. ಅಲ್ಲಿಗೆ ಎಂಜಿನ್ ಓಡಿಸುವ ಚಕ್ರಗಳು ಬಂದ್. ಇಂಥ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರಗಳೇ ಎಂಜಿನ್ನಿಗೆ ಸೇರಿರುತ್ತವೆ. ನಿಮ್ಮದೂ ಹಾಗೆಯೇ ಇದ್ದರೆ ಮುಂದಿನ ಎರಡು ಚಕ್ರಗಳನ್ನು ಆ ಕೊಕ್ಕೆ ಹಿಡಿದಿದೆ. ಸ್ವಿಚ್ಚಿನ ಹ್ಯಾಂಡ್‌ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು. ಅಂದರೆ ನಾಲ್ಕಕ್ಕೆ ನಾಲ್ಕೂ ಲಾಕ್. ಆ ಕೊಕ್ಕೆಯನ್ನೂ ಆ ಬ್ರೇಕನ್ನೂ ಬಿಡಿಸಲು ಸಾಮಾನ್ಯವಾಗಿ ಕರೆಂಟು ಬೇಕು, ಕರೆಂಟು ಕೊಡಬೇಕಾದ ಬ್ಯಾಟರಿ ಸತ್ತಿದೆ.

ಈ ಸ್ಥಿತಿಯಲ್ಲಿ ಎಳೆದರೆ ಏನಾಗುತ್ತದೆ? ಕಾರಿನ ತೂಕ 1400 ಕೆಜಿ ಎಂದುಕೊಳ್ಳಿ. ಚಕ್ರ ಉರುಳುವ ಹಾಗಿದ್ದರೆ ಸಮತಟ್ಟಾದ ಕಾಂಕ್ರೀಟ್ ಮೇಲೆ ಅದನ್ನು ಸರಿಸಲು 15ರಿಂದ 20 ಕೆಜಿ ಬಲ ಸಾಕು, ಒಬ್ಬರೇ ತಳ್ಳಬಹುದು. ನಾಲ್ಕೂ ಚಕ್ರ ಲಾಕ್ ಆಗಿದ್ದರೆ ಒಣ ಕಾಂಕ್ರೀಟ್ ಮೇಲೆ ಅದೇ ಕಾರನ್ನು ಉಜ್ಜಿಕೊಂಡು ಎಳೆಯಲು ಸುಮಾರು ಒಂದು ಟನ್ ಬಲ ಬೇಕಾಗುತ್ತದೆ. ಹುಕ್ ಎಲ್ಲಿದೆಯೋ ಅಲ್ಲಿ ಆ ಒಂದು ಟನ್ ಬೀಳುತ್ತದೆ. ಹಿಂದಿನ ಆಕ್ಸಲ್ಲಿಗೆ ಸಿಕ್ಕಿಸಿದರೆ ಚಕ್ರದ ಅಲೈನ್‌ಮೆಂಟ್ ಹೋಗುತ್ತದೆ, ಬಂಪರಿನ ಕೆಳಗೆ ಸಿಕ್ಕಿಸಿದರೆ ಬಂಪರೇ ಕೈಗೆ ಬರುತ್ತದೆ. ಜತೆಗೆ ಕಾರು ನೇರವಾಗಿ ಬರುವುದಿಲ್ಲ. ಕೂತ ಟಯರಿನ ಕಡೆಗೆ ತಿರುಗಿಕೊಳ್ಳುತ್ತದೆ, ನಿಮ್ಮಲ್ಲಿ ಎರಡೂ ಪಕ್ಕ ಕಂಬ ಇದೆ.

ಈಗ ಬಿಡಿಸುವ ಬಗೆ. ಮೊದಲು ಒಳಗೆ ಹೋಗಬೇಕು. ನಿಮ್ಮ ರಿಮೋಟಿನ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ, ಒತ್ತಿ ಎಳೆದರೆ ಒಳಗಿಂದ ತೆಳ್ಳಗಿನ ಲೋಹದ ಕೀ ಬರುತ್ತದೆ. ಎಷ್ಟೋ ಮಂದಿ ಅದನ್ನು ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು ಓಡಾಡಿರುತ್ತಾರೆ, ಇದೆ ಅಂತಲೇ ಗೊತ್ತಿರುವುದಿಲ್ಲ. ಡ್ರೈವರ್ ಬಾಗಿಲಿನ ಹಿಡಿಯಲ್ಲಿ ಕೀ ತೂತು ಕಾಣದಿದ್ದರೆ ಹಿಡಿಯ ತುದಿಯ ಪ್ಲಾಸ್ಟಿಕ್ ಮುಚ್ಚಳವನ್ನು ನೋಡಿ, ತೂತು ಅದರ ಹಿಂದೆ ಅಡಗಿರುತ್ತದೆ. ಬಾಗಿಲು ತೆರೆದ ಮೇಲೆ ಬಾನೆಟ್ಟಿನ ಲಿವರ್ ಕೇಬಲ್ಲಿನದು, ಕರೆಂಟಿಲ್ಲದೆಯೂ ಕೆಲಸ ಮಾಡುತ್ತದೆ. ಬ್ಯಾಟರಿ ಡಿಕ್ಕಿಯಲ್ಲಿರುವ ಗಾಡಿಗಳೂ ಇವೆ, ಅಲ್ಲಿ ಡಿಕ್ಕಿಯೇ ಸ್ವಿಚ್ಚಿನಲ್ಲಿ ತೆರೆಯುವಂಥದ್ದಾದರೆ ಜನ ಗಾಬರಿಯಾಗುತ್ತಾರೆ. ಅಂಥವುಗಳಲ್ಲಿ ಬಾನೆಟ್ಟಿನ ಕೆಳಗೆ ಕೆಂಪು ಮುಚ್ಚಳದ ಒಂದು ಟರ್ಮಿನಲ್ ಕೊಟ್ಟಿರುತ್ತಾರೆ, ಅಲ್ಲಿಂದಲೇ ಕರೆಂಟು ಕೊಡಬಹುದು.

ಕರೆಂಟು ಕೊಡುವ ಮುಂಚೆ ಒಂದು ಕೆಲಸ ಮರೆಯಬೇಡಿ. ಚಕ್ರಗಳ ಹಿಂದೆ ಮುಂದೆ ಮರದ ತುಂಡು ಅಥವಾ ಇಟ್ಟಿಗೆ ಅಡ್ಡ ಇಡಿ. ನೆಲಮಾಳಿಗೆಯ ನೆಲ ಸಮತಟ್ಟಾಗಿ ಕಾಣುತ್ತದೆ, ಆದರೆ ನೀರು ಹರಿಯಲಿ ಎಂದು ಸ್ವಲ್ಪ ಇಳಿಜಾರು ಇಟ್ಟೇ ಕಟ್ಟಿರುತ್ತಾರೆ. ಬ್ರೇಕ್ ಬಿಟ್ಟ ಗಳಿಗೆಯಲ್ಲಿ ಗಾಡಿ ಮೆಲ್ಲಗೆ ಹೊರಟರೆ ನಿಲ್ಲಿಸಲು ಕೈ ಸಾಲದು.

ಹತ್ತು ತಿಂಗಳು ನಿಂತ 12 ವೋಲ್ಟಿನ ಬ್ಯಾಟರಿ ಬದುಕಿರುವ ಸಂಭವ ಕಡಿಮೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12ಕ್ಕಿಂತ ಕೆಳಗೆ ಬಂತೆಂದರೆ ಹೆಚ್ಚುಕಡಿಮೆ ಬರಿದು. ಅದೇ ಬರಿದಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಕೂತರೆ ಒಳಗಿನ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಚಾರ್ಜ್ ಹಿಡಿಯುವುದೇ ಇಲ್ಲ. ಹೊರಗಿನಿಂದ ಕರೆಂಟು ಕೊಡುವ, ಕೈಯಲ್ಲಿ ಹಿಡಿಯುವ ಜಂಪ್ ಸ್ಟಾರ್ಟರ್ ತಂದರೆ ಅದು ಇಷ್ಟು ಸತ್ತ ಬ್ಯಾಟರಿಯನ್ನು ಗುರುತಿಸದೆ ಸುಮ್ಮನಿರಬಹುದು. ಬಲವಂತವಾಗಿ ಕರೆಂಟು ಕೊಡುವ ಗುಂಡಿ ಕೆಲವದರಲ್ಲಿ ಇದೆ. ಆದರೆ ಅದನ್ನು ಒತ್ತಿದರೆ ಪ್ಲಸ್ ಮೈನಸ್ ತಪ್ಪಿ ಹಾಕಿದಾಗ ಕಾಪಾಡುವ ವ್ಯವಸ್ಥೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಅರ್ಧ ಕತ್ತಲೆಯ ನೆಲಮಾಳಿಗೆಯಲ್ಲಿ ಆ ತಪ್ಪು ಸುಲಭವಾಗಿ ಆಗುತ್ತದೆ. ನನ್ನ ಸಲಹೆ ಬೇರೆ. ಹಳೆಯದನ್ನು ಬಿಚ್ಚಿ, ಅದೇ ಅಳತೆಯ ಚಾರ್ಜ್ ಆದ ಬ್ಯಾಟರಿಯನ್ನು ಕೂರಿಸಿಬಿಡಿ. ಹೇಗೂ ವರ್ಕ್‌ಶಾಪಿನಲ್ಲಿ ಹೊಸದು ಹಾಕಲೇಬೇಕು, ಇಲ್ಲೇ ಹಾಕಿದರೆ ಮುಂದಿನ ಅರ್ಧ ತೊಂದರೆ ಕಳೆಯಿತು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕರೆಂಟು ಬಂದ ಕೂಡಲೇ ಅಲಾರಂ ಕೂಗಬಹುದು, ರಿಮೋಟ್ ಕೈಯಲ್ಲೇ ಇರಲಿ.

ಈಗ ಬ್ರೇಕ್ ಪೆಡಲ್ ಮುಟ್ಟದೆ ಗುಂಡಿ ಒತ್ತಿ ಇಗ್ನಿಷನ್ ಮಾತ್ರ ಆನ್ ಮಾಡಿ (ಪೆಡಲ್ ಒತ್ತಿಕೊಂಡು ಗುಂಡಿ ಒತ್ತಿದರೆ ಎಂಜಿನ್ನೇ ಸ್ಟಾರ್ಟ್ ಆದೀತು), ಆಮೇಲೆ ಪೆಡಲ್ ಒತ್ತಿಕೊಂಡು ಹ್ಯಾಂಡ್‌ಬ್ರೇಕಿನ ಸ್ವಿಚ್ಚನ್ನು ಬಿಡಿಸುವ ಕಡೆಗೆ ಒತ್ತಿ. ಹಿಂದಿನ ಚಕ್ರಗಳ ಹತ್ತಿರ ಸಣ್ಣ ಮೋಟಾರು ಗುಯ್ ಎಂದು ತಿರುಗುವ ಸದ್ದು ಬರಬೇಕು. ಎರಡೂ ಕಡೆ ಬರಬೇಕು, ಅದಕ್ಕೇ ಹೊರಗೆ ಇನ್ನೊಬ್ಬರನ್ನು ಕಿವಿಗೊಟ್ಟು ನಿಲ್ಲಿಸಿ. ಒಂದು ಕಡೆ ಸದ್ದಿಲ್ಲದಿದ್ದರೆ ಆ ಮೋಟಾರು ಸಿಕ್ಕಿಕೊಂಡಿದೆ ಎಂದರ್ಥ. ಎಷ್ಟೋ ಗಾಡಿಗಳಲ್ಲಿ ಆ ಮೋಟಾರು ಬ್ರೇಕ್ ಕ್ಯಾಲಿಪರಿನ, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಹಿಡಿಯ ಮೇಲೆಯೇ ಕೂತಿರುತ್ತದೆ. ಮೆಕ್ಯಾನಿಕ್ ಅದನ್ನು ಬಿಚ್ಚಿ, ಒಳಗಿನ ಸ್ಕ್ರೂವನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸಿ ಬ್ರೇಕ್ ಸಡಿಲಿಸಬಲ್ಲ. ನಿಂತ ಜಾಗದಲ್ಲೇ ಮುಗಿಯುವ ಕೆಲಸ ಅದು, ಎಳೆದು ಮುರಿಸಿಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ.

ಆಮೇಲೆ ಗೇರು. ಗೇರ್ ಲಿವರ್ ನಿಜವಾದ ಕೋಲಾಗಿದ್ದರೆ ಅದರ ಬುಡದಲ್ಲಿ ಒಂದು ಚಿಕ್ಕ ಚೌಕದ ಮುಚ್ಚಳ ಇರುತ್ತದೆ. ಅದನ್ನು ತೆಗೆದು ಒಳಗೆ ಸ್ಕ್ರೂಡ್ರೈವರಿನಿಂದ ಒತ್ತಿ ಹಿಡಿದು 'ಎನ್'ಗೆ, ಅಂದರೆ ನ್ಯೂಟ್ರಲ್‌ಗೆ ತರಬಹುದು. ಕರೆಂಟಿಲ್ಲದ ಹೊತ್ತಿಗೆಂದೇ ಕೊಟ್ಟಿರುವ ದಾರಿ ಇದು. ಆದರೆ ಗೇರು ಬರಿಯ ಗುಂಡಿಯೋ ತಿರುಗುವ ಬಿಲ್ಲೆಯೋ ಆಗಿದ್ದರೆ ಅಂಥ ಕಳ್ಳದಾರಿ ಎಷ್ಟೋ ಗಾಡಿಗಳಲ್ಲಿ ಇರುವುದಿಲ್ಲ, ಅಲ್ಲಿ ಕರೆಂಟೇ ಗತಿ. ಇಂಥ ಗಾಡಿಗಳಲ್ಲಿ ಇನ್ನೊಂದು ವಿಷಯವನ್ನು ಮೊದಲೇ ತಿಳಿದಿರಬೇಕು. ನ್ಯೂಟ್ರಲ್‌ಗೆ ಹಾಕಿ ಇಗ್ನಿಷನ್ ಆಫ್ ಮಾಡಿದರೆ, ಕೆಲವದರಲ್ಲಿ ಬಾಗಿಲು ತೆರೆದರೂ ಸಾಕು, ಗಾಡಿ ತಾನೇ ಮತ್ತೆ 'ಪಿ'ಗೆ ಹೋಗುತ್ತದೆ, ಹ್ಯಾಂಡ್‌ಬ್ರೇಕನ್ನೂ ಹಾಕಿಕೊಳ್ಳುತ್ತದೆ. ಮಾಲೀಕ "ನ್ಯೂಟ್ರಲ್ ಮಾಡಿದೀನಿ, ಎಳೀರಿ" ಎಂದು ಇಳಿದು ಬಾಗಿಲು ಹಾಕುತ್ತಾನೆ, ಗಾಡಿ ಅಷ್ಟರಲ್ಲಿ ಲಾಕ್ ಆಗಿರುತ್ತದೆ. ನ್ಯೂಟ್ರಲ್‌ನಲ್ಲೇ ಉಳಿಸುವ ಕ್ರಮ ಪ್ರತಿ ಕಂಪನಿಗೂ ಬೇರೆ ಬೇರೆ. ಗ್ಲೋವ್‌ಬಾಕ್ಸಿನಲ್ಲಿರುವ ಕೈಪಿಡಿಯಲ್ಲಿ ಟೋಯಿಂಗ್ ಎಂಬ ಅಧ್ಯಾಯದಲ್ಲಿ ಅದು ಇದ್ದೇ ಇರುತ್ತದೆ. ಗಾಡಿ ತೆಗೆಸುವ ಹಿಂದಿನ ದಿನ ಆ ಎರಡು ಪುಟ ಓದಿಕೊಳ್ಳಿ, ಸಾಧ್ಯವಾದರೆ ಫೋಟೊ ತೆಗೆದು ಟೋಯಿಂಗ್‌ನವರಿಗೂ ಕಳಿಸಿ.

ಟಯರಿನ ಮಾತು ಬೇಗ ಮುಗಿಯುತ್ತದೆ. ಕೂತ ಟಯರಿಗೆ ಗಾಳಿ ತುಂಬಿಸಿ, ಮಿಕ್ಕ ಮೂರನ್ನೂ ನೋಡಿ. ಗಾಳಿ ನಿಲ್ಲದಿದ್ದರೆ ಸ್ಟೆಪ್ನಿ ಹಾಕಿ. ಗಾಳಿಯಿಲ್ಲದೆ ಉರುಳಿಸಿದರೆ ರಿಮ್ಮು ಟಯರಿನ ಪಕ್ಕವನ್ನು ಕೊಯ್ಯುತ್ತದೆ.

ಇಷ್ಟಾದ ಮೇಲೆ ಅಡ್ಡಗಳನ್ನು ತೆಗೆದು ಇಬ್ಬರು ಮೆಲ್ಲಗೆ ತಳ್ಳಿ ನೋಡಿ. ಒಂದಂಗುಲವೂ ಕದಲದಿದ್ದರೆ ಬ್ರೇಕ್ ಪ್ಯಾಡು ಡಿಸ್ಕಿಗೆ ತುಕ್ಕು ಹಿಡಿದು ಅಂಟಿದೆ. ನೆಲಮಾಳಿಗೆಯ ತೇವದಲ್ಲಿ ಇದು ತೀರಾ ಸಾಮಾನ್ಯ. ಹಿಂದೆ ಮುಂದೆ ಜೀಕಿದರೆ ಟಕ್ ಎಂದು ಬಿಡುವುದುಂಟು. ಬಿಡದಿದ್ದರೆ ಜಾಕ್ ಕೊಟ್ಟು ಚಕ್ರ ಬಿಚ್ಚಿ, ಕ್ಯಾಲಿಪರಿನ ಹತ್ತಿರ ರಬ್ಬರ್ ಸುತ್ತಿಗೆಯಿಂದ ತಟ್ಟಿ ಬಿಡಿಸಬೇಕು. ಆಗ ಮಾತ್ರ ಬಲ ತೋರಿಸಲು ಹೋಗಬೇಡಿ, ಜೋರಾಗಿ ಎಳೆದರೆ ಪ್ಯಾಡಿನ ಪದರವೇ ಕಿತ್ತು ಡಿಸ್ಕಿನ ಮೇಲೆ ಉಳಿದುಬಿಡುತ್ತದೆ.

ಇಲ್ಲಿಗೆ ಬಂದಾಗ ನಿಮಗೆ ಒಂದು ಯೋಚನೆ ಬಂದೇ ಬರುತ್ತದೆ. ಬ್ಯಾಟರಿ ಬಂತು, ಬ್ರೇಕ್ ಬಿಟ್ಟಿತು, ಹಾಗಾದರೆ ಸ್ಟಾರ್ಟ್ ಮಾಡಿ ನಾವೇ ಮೇಲಕ್ಕೆ ಓಡಿಸಬಾರದೇ? ಓಡಿಸಬಹುದು. ಆ ದಾರಿ ತೆರೆದಿದ್ದರೆ ನಾನು ಅದನ್ನೇ ಆರಿಸುತ್ತೇನೆ, ಏಕೆಂದರೆ ಗಾಡಿಯ ಸ್ವಂತ ಎಂಜಿನ್ನು, ಸ್ವಂತ ಬ್ರೇಕಿನಷ್ಟು ಒಳ್ಳೆಯ ಟೋಯಿಂಗ್ ಸಾಧನ ಇಲ್ಲ. ಆದರೆ ಮೊದಲು ಬಾನೆಟ್ ಎತ್ತಿ ಟಾರ್ಚು ಹಿಡಿದು ನೋಡಿ. ಇಲಿ ಗೂಡು ಕಟ್ಟಿದೆಯೇ, ವೈರು ಕಡಿದಿದೆಯೇ, ಎಂಜಿನ್ ಆಯಿಲ್ ಇದೆಯೇ, ಕೂಲಂಟ್ ಇದೆಯೇ. ಪೆಟ್ರೋಲಿನ ವಾಸನೆ ಬಂದರೆ ಸ್ಟಾರ್ಟ್ ಮಾಡುವ ಮಾತೇ ಬೇಡ, ಪೈಪು ಸೋರುತ್ತಿರಬಹುದು. ನೆಲಮಾಳಿಗೆಗೆ ಯಾವಾಗಲಾದರೂ ನೀರು ನುಗ್ಗಿದ್ದರೆ ಖಂಡಿತ ಬೇಡ, ಸಿಲಿಂಡರಿನೊಳಗೆ ನೀರಿದ್ದು ಎಂಜಿನ್ ತಿರುಗಿದರೆ ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಸ್ಟಾರ್ಟ್ ಆದರೆ ಸಮತಟ್ಟಾದ ಜಾಗದಲ್ಲೇ ಒಂದೆರಡು ಅಡಿ ಓಡಿಸಿ ಬ್ರೇಕ್ ಹಿಡಿಯುತ್ತದೆಯೇ ನೋಡಿ, ಪೆಡಲ್ ಒಳಕ್ಕೆ ಹೋದರೆ ಅಲ್ಲಿಗೇ ನಿಲ್ಲಿಸಿ. ಮುಚ್ಚಿದ ಜಾಗದಲ್ಲಿ ಎಂಜಿನ್ನನ್ನು ಸುಮ್ಮನೆ ಓಡಲು ಬಿಡಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಸ್ಟಾರ್ಟ್ ಆಗಲಿಲ್ಲವೇ, ಬ್ರೇಕಿನ ಮೇಲೆ ನಂಬಿಕೆ ಇಲ್ಲವೇ, ಆಗ ಟೋಯಿಂಗ್.

ಫೋನ್ ಮಾಡುವ ಮುಂಚೆ ನೆಲಮಾಳಿಗೆಯ ಬಾಗಿಲಲ್ಲಿ ಬರೆದಿರುವ ಎತ್ತರವನ್ನು ನೋಡಿಕೊಳ್ಳಿ. ಎರಡು ಮೀಟರಿಗಿಂತ ತುಸು ಹೆಚ್ಚು ಅಂತ ಬರೆದಿರುತ್ತದೆ. ಆ ಬರಹವನ್ನೂ ಪೂರ್ತಿ ನಂಬಬೇಡಿ, ಒಳಗೆ ಬೆಂಕಿ ಆರಿಸುವ ನೀರಿನ ಪೈಪು, ಕೇಬಲ್ಲಿನ ತಟ್ಟೆ ಇನ್ನೂ ಕೆಳಗೆ ಇಳಿದಿರಬಹುದು, ಟೇಪು ಹಿಡಿದು ಅಳೆಯಿರಿ. ಇಡೀ ಕಾರನ್ನು ಬೆನ್ನ ಮೇಲೆ ಹೇರಿಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿ ಖಾಲಿಯಿದ್ದರೂ ಅಲ್ಲಿ ಹಿಡಿಸುವುದಿಲ್ಲ, ಮೇಲೆ ಕಾರು ಹೇರಿದ ಮೇಲೆ ಕೇಳುವುದೇ ಬೇಡ. ಹಾಗಾಗಿ ಕೆಲಸ ಎರಡು ಭಾಗವಾಗುತ್ತದೆ. ನೆಲಮಾಳಿಗೆಯಿಂದ ಅಂಗಳಕ್ಕೆ ಒಂದು, ಅಂಗಳದಿಂದ ವರ್ಕ್‌ಶಾಪಿಗೆ ಇನ್ನೊಂದು. ಮೊದಲ ಭಾಗಕ್ಕೆ ಬೇಕಾಗುವುದು ಚಕ್ರ ಎತ್ತಿ ಎಳೆಯುವ ತಗ್ಗಿನ ಗಾಡಿ, ಅಥವಾ ಉದ್ದ ಹಗ್ಗವನ್ನು ಸುತ್ತಿಕೊಳ್ಳುತ್ತ ಎಳೆಯುವ ಯಂತ್ರ, ಅಂದರೆ ವಿಂಚು. ನೀವು ಫೋನಿನಲ್ಲಿ ಹೇಳಬೇಕಾದದ್ದು ಇಷ್ಟು: ಎತ್ತರ ಎಷ್ಟು, ರ‍್ಯಾಂಪು ನೇರವೋ ಸುತ್ತಿನದೋ, ಕಂಬಗಳ ನಡುವಿನ ಅಗಲ ಎಷ್ಟು, ಯಾವ ಚಕ್ರ ಓಡಿಸುವ ಗಾಡಿ, ಗೇರ್ ನ್ಯೂಟ್ರಲ್‌ಗೆ ಬಂದಿದೆಯೋ ಇಲ್ಲವೋ. ಇದನ್ನು ಕೇಳಿ ಅವರು ತಿರುಗಿ ಪ್ರಶ್ನೆ ಕೇಳಿದರೆ ಕೆಲಸ ಬಲ್ಲವರು. "ಬಂದು ನೋಡಿಕೊಳ್ತೀವಿ ಬಿಡಿ" ಎಂದರೆ ಬೇರೆಯವರನ್ನು ಹುಡುಕಿ.

ಇನ್ನೊಂದನ್ನು ಸಂಘದವರಿಗೂ ಹೇಳಿ. ಅಂಗಳದ ಕೆಳಗೆ ನೆಲಮಾಳಿಗೆ ಇರುವ ಕಡೆ ಆ ಅಂಗಳವೇ ಕೆಳಗಿನ ಚಾವಣಿ. ಫ್ಲಾಟ್‌ಬೆಡ್ ಲಾರಿ ಖಾಲಿಯಿದ್ದರೂ ಹಲವು ಟನ್ ತೂಗುತ್ತದೆ. ಬರಿಯ ಕಾರುಗಳಿಗೆಂದು ಲೆಕ್ಕ ಹಾಕಿ ಕಟ್ಟಿದ ಚಾವಣಿಯ ಮೇಲೆ ಅದನ್ನು ಹತ್ತಿಸಬಾರದು. ಅಗ್ನಿಶಾಮಕ ವಾಹನ ಬರಲು ಗುರುತಿಸಿದ ದಾರಿ ಇದ್ದರೆ ಅಲ್ಲಿ ನಿಲ್ಲಿಸಲಿ, ಇಲ್ಲದಿದ್ದರೆ ಗೇಟಿನ ಹೊರಗೆ.

ನಿಮ್ಮ ಗಾಡಿಯ ಮೂತಿ ಗೋಡೆಗಿದೆ ಎಂದಿರಿ. ಹಾಗಾಗಿ ಎತ್ತುವ ಗಾಡಿಗೆ ಸಿಗುವುದು ಹಿಂದಿನ ಚಕ್ರಗಳು, ನೆಲದಲ್ಲಿ ಉಳಿಯುವುದು ಮುಂದಿನ, ಅಂದರೆ ಗೇರ್‌ಬಾಕ್ಸಿಗೆ ಸೇರಿದ ಚಕ್ರಗಳು. ಗೇರ್ ನ್ಯೂಟ್ರಲ್‌ನಲ್ಲಿದ್ದರೆ ನಡಿಗೆಯ ವೇಗದಲ್ಲಿ ಅಂಗಳದವರೆಗೆ ತರುವುದಕ್ಕೆ ತೊಂದರೆ ಇಲ್ಲ. ಅದೇ ರೀತಿ ರಸ್ತೆಯಲ್ಲಿ ವರ್ಕ್‌ಶಾಪಿನವರೆಗೂ ಹೋಗುತ್ತೇನೆ ಎಂದರೆ ಬಿಡಬೇಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆ ಹಾಯಿಸುವ ಪಂಪನ್ನು ತಿರುಗಿಸುವುದು ಸಾಮಾನ್ಯವಾಗಿ ಎಂಜಿನ್ನು. ಎಂಜಿನ್ ನಿಂತು ಚಕ್ರ ಮಾತ್ರ ತಿರುಗಿದರೆ ಒಳಗಿನ ಹಲ್ಲುಚಕ್ರಗಳು ಎಣ್ಣೆಯಿಲ್ಲದೆ ಒಣಗಿ ತಿರುಗುತ್ತವೆ, ಕಾಯುತ್ತವೆ, ತೇಯುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ವಾರ ಕಳೆದ ಮೇಲೆ ಗೇರು ಜಾರತೊಡಗುತ್ತದೆ, ಆಗ ಯಾರನ್ನು ಕೇಳುತ್ತೀರಿ?

ನ್ಯೂಟ್ರಲ್ ಬರಲೇ ಇಲ್ಲ ಎಂದಾದರೂ ದಾರಿ ಇದೆ. ಕಾಲಿನಿಂದ ಪೆಡಲ್ ತುಳಿದರೆ ಎರಡು ಉರುಳೆಗಳು ಟಯರನ್ನು ಎರಡೂ ಕಡೆಯಿಂದ ಒತ್ತಿ ನೆಲದಿಂದ ಎತ್ತುವ ಚಿಕ್ಕ ಗಾಲಿಯ ಜಾಕುಗಳು ಇವೆ. ಟೋಯಿಂಗ್‌ನವರು ಅವನ್ನು ಡಾಲಿ ಎನ್ನುತ್ತಾರೆ. ನಾಲ್ಕು ಚಕ್ರಕ್ಕೂ ಒಂದೊಂದು ಕೊಟ್ಟರೆ ಲಾಕ್ ಆದ ಕಾರನ್ನು ಕೈಯಲ್ಲಿ ತಳ್ಳಿಕೊಂಡು ಅಡ್ಡಡ್ಡವಾಗಿಯೂ ಸರಿಸಬಹುದು. ಇಕ್ಕಟ್ಟಿನ ಕಂಬಗಳ ನಡುವೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಆದರೆ ಇವುಗಳ ಕೆಲಸ ಸಮತಟ್ಟಾದ, ನುಣುಪಾದ ನೆಲದಲ್ಲಿ ಮಾತ್ರ. ರ‍್ಯಾಂಪಿನ ಬುಡಕ್ಕೆ ಬಂದ ಮೇಲೆ ತೆಗೆಯಲೇಬೇಕು.

ಇನ್ನು ರ‍್ಯಾಂಪು. ಇಲ್ಲಿ ಪೆಟ್ಟಾಗುವುದು ಕಾರಿಗಲ್ಲ, ಮನುಷ್ಯರಿಗೆ. ಎಂಟು ಅಡಿಗೆ ಒಂದಡಿ ಏರುವ ರ‍್ಯಾಂಪಿನಲ್ಲಿ ಅದೇ 1400 ಕೆಜಿಯ ಕಾರು ಕೆಳಕ್ಕೆ ಜಗ್ಗುವ ಬಲ 170 ಕೆಜಿ ದಾಟುತ್ತದೆ. ಉರುಳಿಸುವ ಬಲವೂ ಸೇರಿದರೆ ಮೇಲೆಳೆಯಲು ಸುಮಾರು 200 ಕೆಜಿ. ಸಮತಟ್ಟಿನಲ್ಲಿ ಒಬ್ಬರೇ ತಳ್ಳಿದ ಗಾಡಿಗೆ ಇಲ್ಲಿ ಹತ್ತು ಪಟ್ಟು ಬಲ ಬೇಕು. ಕಾವಲುಗಾರರನ್ನೂ ಅಕ್ಕಪಕ್ಕದ ಮನೆಯ ಹುಡುಗರನ್ನೂ ಕರೆದು ತಳ್ಳಿಸುವುದನ್ನು ನೋಡಿದ್ದೇನೆ. ಅರ್ಧ ದಾರಿಯಲ್ಲಿ ಒಬ್ಬನ ಕಾಲು ಜಾರಿದರೆ ಮಿಕ್ಕವರು ತಡೆಯಲಾರರು. ದಯವಿಟ್ಟು ಅದನ್ನು ಮಾಡಬೇಡಿ. ಇನ್ನೊಂದು ಕಾರಿಗೆ ಹಗ್ಗ ಕಟ್ಟಿ ಎಳೆಸುವುದೂ ಬೇಡ. ಎಂಜಿನ್ ನಿಂತ ಗಾಡಿಯಲ್ಲಿ ಬ್ರೇಕಿಗೆ ಸಹಾಯ ಮಾಡುವ ಬೂಸ್ಟರ್ ಕೆಲಸ ಮಾಡುವುದಿಲ್ಲ, ಅದು ನಡೆಯುವುದು ಎಂಜಿನ್ ಓಡುವಾಗ ಹುಟ್ಟುವ ನಿರ್ವಾತದಿಂದ. ಈಗಷ್ಟೇ ನಿಲ್ಲಿಸಿದ ಎಂಜಿನ್ನಾದರೆ ಎರಡು ಮೂರು ಸಲ ಒತ್ತುವಷ್ಟು ನಿರ್ವಾತ ಉಳಿದಿರುತ್ತದೆ, ಹತ್ತು ತಿಂಗಳು ನಿಂತದ್ದರಲ್ಲಿ ಅದೂ ಇಲ್ಲ. ಪೆಡಲ್ ಕಲ್ಲಿನ ಹಾಗಿರುತ್ತದೆ, ಎರಡೂ ಕಾಲು ಕೊಟ್ಟು ಒತ್ತಬೇಕು. ಸ್ಟೇರಿಂಗೂ ಅಷ್ಟೇ ಭಾರ. ಹಗ್ಗ ಸಡಿಲವಾದ ಗಳಿಗೆಯಲ್ಲಿ ಹಿಂದಿನ ಕಾರು ಇಳಿಜಾರಿನಲ್ಲಿ ಯಾರ ಮಾತೂ ಕೇಳುವುದಿಲ್ಲ.

ವಿಂಚಿನಿಂದ ಎಳೆಯುವುದಾದರೆ ಹುಕ್ ಸಿಕ್ಕಿಸುವ ಜಾಗ ಒಂದೇ. ಸ್ಟೆಪ್ನಿಯ ಹತ್ತಿರ ಜಾಕು, ಪಾನಾ ಇಟ್ಟಿರುವಲ್ಲಿ ದಪ್ಪ ಉಂಗುರವಿರುವ ಒಂದು ಬೋಲ್ಟು ಇರುತ್ತದೆ. ಬಂಪರಿನಲ್ಲಿ ಅದಕ್ಕೆಂದೇ ಒಂದು ಚಿಕ್ಕ ಮುಚ್ಚಳವಿದೆ, ತೆಗೆದರೆ ಒಳಗೆ ಬೋಲ್ಟನ್ನು ತಿರುಗಿಸಿ ಕೂರಿಸುವ ತಿರುಪಿನ ಮರೆ. ಕೆಲವು ಗಾಡಿಗಳಲ್ಲಿ ಈ ಮರೆ ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಬೋಲ್ಟನ್ನು ಬುಡದವರೆಗೂ ಕೂರಿಸಿ, ಅರ್ಧಕ್ಕೇ ನಿಂತರೆ ಮುರಿಯುತ್ತದೆ. ಎಳೆತ ನೇರವಾಗಿರಲಿ, ಓರೆಯಾಗಿ ಎಳೆದರೂ ಬೋಲ್ಟು ಬಾಗುತ್ತದೆ. ಸುತ್ತಿನ ರ‍್ಯಾಂಪಿನಲ್ಲಿ ನೇರ ಎಳೆತ ಸಿಗುವುದೇ ಇಲ್ಲ. ಅಲ್ಲಿ ವಿಂಚನ್ನು ಬಿಟ್ಟು ಚಕ್ರ ಎತ್ತುವ ಗಾಡಿಯನ್ನೇ ತರಿಸಿ. ವಿಂಚಿನ ಹಗ್ಗ ಬಿಗಿಯಾದ ಮೇಲೆ ಅದರ ಪಕ್ಕದಲ್ಲಾಗಲಿ ಕಾರಿನ ಹಿಂದೆ ಇಳಿಜಾರಿನಲ್ಲಾಗಲಿ ಯಾರೂ ನಿಲ್ಲಬಾರದು. ಉಕ್ಕಿನ ಹಗ್ಗ ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ. ಒಬ್ಬರು ಪಕ್ಕದಲ್ಲಿ ದೂರ ನಡೆಯುತ್ತ, ಉದ್ದ ಕೋಲಿಗೆ ಕಟ್ಟಿದ ಮರದ ತುಂಡನ್ನು ಕೆಳಗಿನ ಚಕ್ರದ ಹಿಂದೆ ತಳ್ಳಿಕೊಂಡು ಬರಲಿ. ಮಕ್ಕಳು ಆಟ ನೋಡಲು ಬಂದೇ ಬರುತ್ತಾರೆ, ಅವರನ್ನು ಮೊದಲೇ ಮನೆಗೆ ಕಳಿಸಿ.

ಈ ವೃತ್ತಿ ಹುಟ್ಟಿದ್ದೂ ಜನಬಲದಿಂದ ಎಳೆದು ಸೋತ ಒಂದು ಕಾರಿನಿಂದಲೇ. ಅಮೆರಿಕದ ಟೆನೆಸ್ಸಿ ರಾಜ್ಯದ ಚಟನೂಗಾದಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜಿನವರು ಹಳ್ಳಕ್ಕೆ ಬಿದ್ದ ಪರಿಚಿತರೊಬ್ಬರ ಕಾರನ್ನು ಹಲವರ ಜತೆ ಹಗ್ಗ ಕಟ್ಟಿ ಗಂಟೆಗಟ್ಟಲೆ ಎಳೆದು ಮೇಲೆ ತಂದರು. ಆಮೇಲೆ 1916ರಲ್ಲಿ 1913ರ ಮಾದರಿಯ ಒಂದು ಕ್ಯಾಡಿಲಾಕ್ ಕಾರಿನ ಹಿಂಭಾಗಕ್ಕೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಹೊಂದಿಸಿದರು. ಇಂದಿನ ಟೋಯಿಂಗ್ ಗಾಡಿಗಳ ಮೂಲ ಅದು. ಅದೇ ಊರಿನಲ್ಲಿ ಈಗ ಈ ಗಾಡಿಗಳದೇ ಒಂದು ವಸ್ತುಸಂಗ್ರಹಾಲಯ ಇದೆ. ನನಗೆ ಹೋಮ್ಸ್ ಮೇಲೆ ಗೌರವ ಇರುವುದು ಈ ಕಾರಣಕ್ಕೆ: ಮುಂದಿನ ಸಲ ಇನ್ನೂ ಹೆಚ್ಚು ಜನರನ್ನು ಕರೆದರಾಯಿತು ಎಂದು ಅವರು ಸುಮ್ಮನಾಗಲಿಲ್ಲ.

ಇದನ್ನು ಓದುವ ಬೇರೆಯವರ ಗಾಡಿ ನಿಮ್ಮದರಂತಿರಬೇಕೆಂದಿಲ್ಲ, ಅವರಿಗಾಗಿ ಎರಡು ಮಾತು. ನಾಲ್ಕೂ ಚಕ್ರ ಓಡಿಸುವ ಗಾಡಿಯಾದರೆ ನಾಲ್ಕೂ ನೆಲ ಬಿಟ್ಟಿರಬೇಕು. ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥದೊಂದು ಗಾಡಿಯ ಮುಂದಿನ ಚಕ್ರ ಎತ್ತಿ, ಹಿಂದಿನವು ಉರುಳುತ್ತಿರಲು ಬಿಟ್ಟು ಊರಾಚೆಯವರೆಗೆ ಎಳೆದೆ. ಮುಂದಿನ ಹಿಂದಿನ ಚಕ್ರಗಳನ್ನು ಬೆಸೆಯುವ ಭಾಗ ಸುಟ್ಟುಹೋಯಿತು. ಮಾಲೀಕರು ನನ್ನನ್ನು ನಂಬಿ ಕೀ ಕೊಟ್ಟಿದ್ದರು. ಅಂದಿನಿಂದ ಯಾವ ಚಕ್ರ ಓಡುತ್ತದೆ ಎಂದು ಕೇಳದೆ ಸರಪಳಿ ಮುಟ್ಟಿಲ್ಲ.

ವಿದ್ಯುತ್ ಕಾರುಗಳದ್ದು ಇನ್ನೂ ಸೂಕ್ಷ್ಮ. ಅವುಗಳ ಮೋಟಾರು ಸಾಮಾನ್ಯವಾಗಿ ಚಕ್ರಕ್ಕೆ ಸದಾ ಸೇರಿಕೊಂಡೇ ಇರುತ್ತದೆ. ಚಕ್ರ ಉರುಳಿದರೆ ಮೋಟಾರು ತಿರುಗುತ್ತದೆ, ತಿರುಗಿದರೆ ವಿದ್ಯುತ್ತು ಹುಟ್ಟುತ್ತದೆ, ನಿಂತ ಗಾಡಿಯಲ್ಲಿ ಅದು ಬೇಡದ ಕಡೆ ಶಾಖವಾಗುತ್ತದೆ. ಹಾಗಾಗಿ ಫ್ಲಾಟ್‌ಬೆಡ್ ಬಿಟ್ಟು ಬೇರೆ ಮಾತಿಲ್ಲ. ಇವುಗಳಲ್ಲೂ ಒಂದು ಚಿಕ್ಕ 12 ವೋಲ್ಟಿನ ಬ್ಯಾಟರಿ ಇರುತ್ತದೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಚಿಕ್ಕದು ಸತ್ತರೆ ಬಾಗಿಲು ತೆರೆಯದು, ಬ್ರೇಕ್ ಬಿಡದು. ಅದನ್ನು ಎಬ್ಬಿಸಿದರೆ ಎಷ್ಟೋ ಸಲ ಟೋಯಿಂಗೇ ಬೇಕಾಗುವುದಿಲ್ಲ. ನೆಲಮಾಳಿಗೆಯ ನೀರಿನಲ್ಲಿ ಮುಳುಗಿದ ವಿದ್ಯುತ್ ಕಾರನ್ನು ಮಾತ್ರ ನೀವೇ ಮುಟ್ಟಬೇಡಿ. ತರಬೇತಿ ಇದ್ದವರು ತೆಗೆಯಲಿ. ತೆಗೆದ ಮೇಲೂ ಕಟ್ಟಡದಿಂದ, ಬೇರೆ ಗಾಡಿಗಳಿಂದ 15 ಮೀಟರಾದರೂ ದೂರ ಬಯಲಲ್ಲಿ ನಿಲ್ಲಿಸಬೇಕು. ನೀರು ಹೊಕ್ಕ ಬ್ಯಾಟರಿಗೆ ದಿನಗಳ ನಂತರವೂ ಬೆಂಕಿ ಹತ್ತಿಕೊಂಡದ್ದುಂಟು.

ಮತ್ತೆ ನಿಮ್ಮ ಕಾರಿಗೆ ಬರೋಣ. ಕೆಲಸದ ದಿನ ಗಾಡಿ ಮುಟ್ಟುವ ಮುಂಚೆ ನಾಲ್ಕೂ ಕಡೆಯ, ನಾಲ್ಕೂ ಚಕ್ರದ, ಬಂಪರಿನ ಕೆಳತುಟಿಯ, ಮೀಟರಿನ ಫೋಟೊ ತೆಗೆದಿಡಿ. ಟೋಯಿಂಗ್‌ನವರ ಎದುರಿಗೇ ತೆಗೆಯಿರಿ, ಅದರಲ್ಲಿ ಸಂಕೋಚವೇನೂ ಇಲ್ಲ, ಅವರಿಗೂ ಅದೇ ಒಳ್ಳೆಯದು. ಗಾಡಿ ತಂದೆಯ ಹೆಸರಿನಲ್ಲಿದೆ. ಆದ್ದರಿಂದ ನೋಂದಣಿ ಪತ್ರದ ಪ್ರತಿ ಮತ್ತು ಅವರ ಸಹಿ ಇರುವ ಒಂದು ಒಪ್ಪಿಗೆ ಚೀಟಿ ಕೈಯಲ್ಲಿರಲಿ. ಸರಿಯಾದ ಟೋಯಿಂಗ್‌ನವರು ಕೇಳಿಯೇ ಕೇಳುತ್ತಾರೆ. ಕೇಳದೆ ಗಾಡಿ ಹೇರುವವರು ನಾಳೆ ಬೇರೆ ಯಾರೋ ಬಂದು ಹೇಳಿದರೂ ಹೇರಿಯಾರು. ಹೆಚ್ಚು ಕಾರುಗಳು ಹೊರಗೆ ಹೋಗಿರುವ ಹೊತ್ತನ್ನು ಆರಿಸಿಕೊಂಡು, ಎದುರಿನ ಸಾಲಿನವರಿಗೆ ಹಿಂದಿನ ರಾತ್ರಿಯೇ ಹೇಳಿ ಜಾಗ ಬಿಡಿಸಿಕೊಳ್ಳಿ. ಕಾರಿನೊಳಗೆ ತಂದೆಯವರ ಕಾಗದ, ಕನ್ನಡಕ, ಏನಿದೆಯೋ ನೋಡಿ ಮನೆಗೆ ತಂದಿಡಿ.

ಫ್ಲಾಟ್‌ಬೆಡ್ಡಿಗೆ ಏರಿಸುವಾಗ ಹಲಗೆಯ ಓರೆಗೆ ಬಂಪರಿನ ತುಟಿ ತಾಗುತ್ತದೆಯೇ ನೋಡಿ. ತಾಗಿದರೆ ಚಕ್ರದ ಕೆಳಗೆ ಮರದ ಹಲಗೆ ಕೊಟ್ಟು ಏರಿಸಲಿ. ಕಟ್ಟುವ ಬೆಲ್ಟು ನಾಲ್ಕೂ ಟಯರಿನ ಮೇಲೆ ಹಾದು ಬರಬೇಕು. ಸಸ್ಪೆನ್ಷನ್ನಿಗೋ ಬಾಡಿಗೋ ಬಿಗಿದರೆ ಗಾಡಿ ಕುಲುಕಿದ ಹಾಗೆಲ್ಲ ಬೆಲ್ಟು ಸಡಿಲವಾಗುತ್ತದೆ. ಹೊರಟು ಸ್ವಲ್ಪ ದೂರ ಹೋದ ಮೇಲೆ ಒಮ್ಮೆ ನಿಲ್ಲಿಸಿ ಬಿಗಿ ನೋಡಲು ಚಾಲಕರಿಗೆ ಹೇಳಿ. ಗಾಜಿಗೆ ಟೋಲ್ ಟ್ಯಾಗ್ ಅಂಟಿಸಿದ್ದರೆ ಅದನ್ನು ಮುಚ್ಚಿ, ಲಾರಿಯ ಮೇಲಿದ್ದರೂ ಟೋಲ್‌ಗೇಟಿನ ಯಂತ್ರ ಓದಿಬಿಡಬಹುದು. ಅಲಾರಮ್ಮಿನಲ್ಲಿ ಗಾಡಿ ಓರೆಯಾದರೆ ಕೂಗುವ ಸೆನ್ಸರ್ ಇದ್ದರೆ ಅದನ್ನೂ ಆಫ್ ಮಾಡಿ, ಇಲ್ಲವಾದರೆ ದಾರಿಯುದ್ದಕ್ಕೂ ಕೂಗಿ ಬ್ಯಾಟರಿಯನ್ನು ಮತ್ತೆ ಬರಿದು ಮಾಡುತ್ತದೆ.

ಆ ಬ್ಯಾಟರಿ ಗಾಡಿಯಲ್ಲೇ ಇರಲಿ. ಬೇರೆಯವರದನ್ನು ಎರವಲು ತಂದು ಹಾಕಿದ್ದರೂ ವರ್ಕ್‌ಶಾಪು ತಲುಪುವವರೆಗೆ ಬಿಚ್ಚಬೇಡಿ. ಲಾರಿಯ ಮೇಲೆ ಕಟ್ಟುವಾಗ ಗಾಡಿ ಮತ್ತೆ 'ಪಿ'ಗೆ ಹೋಗಿ ಹ್ಯಾಂಡ್‌ಬ್ರೇಕ್ ಹಾಕಿಕೊಂಡಿರುತ್ತದೆ. ಅಲ್ಲಿ ಇಳಿಸುವವರಿಗೂ ಅದನ್ನು ಬಿಡಿಸಲು ಕರೆಂಟು ಬೇಕು, ರಿಮೋಟೂ ಬೇಕು. ರಿಮೋಟನ್ನು ಚಾಲಕರ ಕೈಗೆ ಕೊಟ್ಟು, ನ್ಯೂಟ್ರಲ್ ಮಾಡುವ ಆ ಎರಡು ಪುಟದ ಫೋಟೊವನ್ನು ವರ್ಕ್‌ಶಾಪಿನವರ ಫೋನಿಗೂ ಕಳಿಸಿಬಿಡಿ.